ತಮ್ಮನಿಗೆ ಒಂದು ಜೊತೆ ಸ್ಕೀ

ಈ ಶಾಟ್‌ನಲ್ಲಿ ಕಾಣುತ್ತಿರುವುದು ನನ್ನ ಹೆಬ್ಬೆರಳು. ಅದರ ಪಕ್ಕದಲ್ಲಿ ಹೊಳೆಯುತ್ತಿರುವ ತೆಳು ಗೆರೆ ಇದೆಯಲ್ಲ, ಅದು ಸ್ಕೀಯ, ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಹಾಕುವ ಉದ್ದನೆಯ ಹಲಗೆಯ, ಎಡ್ಜ್. ಉಕ್ಕಿನ ಪಟ್ಟಿ. ಹೊಸ ಸ್ಕೀಯಲ್ಲಿ ಇದು ಸುಮಾರು 2 ಮಿಲಿಮೀಟರ್ ದಪ್ಪ ಇರುತ್ತದೆ. ಇಲ್ಲಿ ಅರ್ಧವೂ ಉಳಿದಿಲ್ಲ. ಇನ್ನೊಂದೆರಡು ಸಲ ಹರಿತ ಮಾಡಿದರೆ ಮುಗಿಯಿತು, ಆಮೇಲೆ ಉಜ್ಜಲು ಉಕ್ಕೇ ಇರುವುದಿಲ್ಲ. ಈಗ ಇದೇ ಸ್ಕೀಯನ್ನು ಮೇಲಿನಿಂದ ನೋಡಿ. ಕೆಂಪು ಬಣ್ಣ, ಒಂದು ಗೀರೂ ಇಲ್ಲ, ಫಳಫಳ ಅನ್ನುತ್ತಿದೆ.

ನನ್ನ ತಮ್ಮ ಬಂದ ತಕ್ಷಣ ಎತ್ತಿಕೊಂಡದ್ದು ಇದನ್ನೇ. "ಅಕ್ಕ, ಇದು ನೋಡೇ, ಹೊಸದರ ಹಾಗೇ ಇದೆ!" ಅಂದ. ನಾನು ಅದನ್ನು ತಿರುಗಿಸಿ ಅವನ ಬೆರಳನ್ನು ಎಡ್ಜ್ ಮೇಲೆ ಇಟ್ಟೆ. ಪಕ್ಕದಲ್ಲಿದ್ದ ಇನ್ನೊಂದು ಜೊತೆಯ ಎಡ್ಜ್ ಮುಟ್ಟಿಸಿದೆ. ಅವನಿಗೆ ಅರ್ಥವಾಯಿತು. ಕೆಂಪು ಸ್ಕೀ ಮತ್ತೆ ಸ್ಟ್ಯಾಂಡಿಗೆ ಹೋಯಿತು.

ಸೀಸನ್ ಮುಗಿಯುವ ಹೊತ್ತು ಇದು. ಬಳಸಿದ ಸ್ಕೀಗಳ ಮಾರಾಟ ನಡೆಯುತ್ತಿದೆ. ಪಕ್ಕದ ಸಾಲಿನಲ್ಲಿ ಹೊಸ ಸ್ಕೀಗಳೂ ಇವೆ, ಆದರೆ ಹಿಂದಿನ ವರ್ಷದ ಮಾಡೆಲ್. ದುಡ್ಡು ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಒಂದು ಸ್ಕೀಯ ಒಳಗಿನ ರಚನೆಯನ್ನು ಕಂಪನಿಗಳು ಎರಡು ಮೂರು ವರ್ಷ ಹಾಗೇ ಇಟ್ಟು, ಮೇಲಿನ ಬಣ್ಣ, ಚಿತ್ರ ಮಾತ್ರ ಬದಲಿಸುವುದು ತುಂಬಾ ಸಾಮಾನ್ಯ. ಹೊಸ ಚಿತ್ರ ಬಂದ ಕೂಡಲೇ ಹಳೆಯ ಚಿತ್ರದ ಬೆಲೆ ಇಳಿಯುತ್ತದೆ. ಹಿಮಕ್ಕೆ ಚಿತ್ರ ಕಾಣಿಸುವುದಿಲ್ಲ ಅಲ್ವಾ?

ನಾನು ಇಷ್ಟು ಹುಷಾರಾಗಿರುವುದಕ್ಕೆ ಕಾರಣ ಇದೆ. ನನ್ನ ಮೊದಲ ಸ್ಕೀಯನ್ನು ಬರೀ ಬೆಲೆ ನೋಡಿ ಕೊಂಡಿದ್ದೆ. ಬಳಸಿದ್ದು, ತುಂಬಾ ಅಗ್ಗ. ಬೂಟಿಗೆ ಹೊಂದಿಸಿ ಕೊಡಿ ಅಂತ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ನೋಡಿದರು, ತಲೆ ಅಲ್ಲಾಡಿಸಿದರು, ಮುಟ್ಟಲಿಲ್ಲ. ವಿಷಯ ಏನೆಂದರೆ, ಪ್ರತಿ ಬೈಂಡಿಂಗ್ ಕಂಪನಿಯೂ ಒಂದು ಪಟ್ಟಿ ಇಟ್ಟಿರುತ್ತದೆ. ಯಾವ ಯಾವ ಮಾಡೆಲ್‌ಗೆ ತಾನು ಇನ್ನೂ ಹೊಣೆ ಹೊರುತ್ತೇನೆ ಅನ್ನುವ ಪಟ್ಟಿ. ಹಳೆಯದಾದ ಮಾಡೆಲ್‌ಗಳು ಅದರಿಂದ ಬಿದ್ದುಹೋಗುತ್ತವೆ. ಪಟ್ಟಿಯಲ್ಲಿ ಇಲ್ಲದ್ದನ್ನು ರಿಪೇರಿಯವರು ಹೊಂದಿಸಿ ಕೊಡುವುದಿಲ್ಲ. ಅವರು ಮಾಡಿದ್ದು ಸರಿಯೇ. ಹೊಸ ಬೈಂಡಿಂಗ್ ಹಾಕಿಸಬೇಕಾಯಿತು, ಅದಕ್ಕೆ ಸ್ಕೀಗಿಂತ ಜಾಸ್ತಿ ಖರ್ಚಾಯಿತು. ಆ ವರ್ಷ ಹಿಮದ ಮೇಲೆ ಹೋಗಲು ದುಡ್ಡೇ ಉಳಿಯಲಿಲ್ಲ. ತಮ್ಮನಿಗೆ ಹಾಗೆ ಆಗಬಾರದು.

ಈಗ ಈ ಚೀಲ ನೋಡಿ. ಇದರಲ್ಲಿ ಅವನ ಬೂಟ್ ಇದೆ. ಹೋದ ವಾರವೇ ಕೊಂಡೆವು. ಕೈಯಲ್ಲಿದ್ದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ಅವನಿಗೆ ಬೇಜಾರಾಗಿತ್ತು. ಸ್ಕೀಗೆ ಏನು ಉಳಿಯುತ್ತದೆ ಅಂತ ಕೇಳಿದ. ನನ್ನ ಉತ್ತರ ಆವತ್ತೂ ಇದೇ, ಇವತ್ತೂ ಇದೇ: ಬೂಟ್ ಸರಿ ಇದ್ದರೆ ಸಾಧಾರಣ ಸ್ಕೀ ಕೂಡ ಹೇಳಿದ ಮಾತು ಕೇಳುತ್ತದೆ. ಬೂಟ್ ಸಡಿಲ ಇದ್ದರೆ ಎಂಥ ದುಬಾರಿ ಸ್ಕೀ ಆದರೂ ತನ್ನ ಪಾಡಿಗೆ ತಾನು ಹೋಗುತ್ತದೆ. ಕಾಲು ಬೂಟಿನೊಳಗೆ ತಿರುಗಿದರೆ ಸ್ಕೀಗೆ ಅದು ಗೊತ್ತೇ ಆಗುವುದಿಲ್ಲ.

ಹಾಗಾಗಿ ಬೂಟ್ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸ್ಕೀ ಬೂಟಿನ ಅಳತೆಗೆ ಮಾಂಡೋಪಾಯಿಂಟ್ ಅನ್ನುತ್ತಾರೆ. ಹೆಸರು ದೊಡ್ಡದು, ಲೆಕ್ಕ ಸುಲಭ. ಪಾದದ ಉದ್ದ ಎಷ್ಟು ಸೆಂಟಿಮೀಟರ್ ಇದೆಯೋ ಅದೇ ಸೈಜ್. ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು, ಉದ್ದದ ಬೆರಳಿನ ತುದಿಗೆ ಗುರುತು ಹಾಕಿ ಅಳೆಯಿರಿ. ಎರಡೂ ಪಾದ ಅಳೆಯಿರಿ, ಒಂದು ಸ್ವಲ್ಪ ದೊಡ್ಡದಿರುತ್ತದೆ. ತಮ್ಮನದು 26.5 ಬಂತು. ಇನ್ನೊಂದು ಗಮನಿಸಿ: ಹೆಚ್ಚಿನ ಕಂಪನಿಗಳಲ್ಲಿ 26 ಮತ್ತು 26.5 ಎರಡಕ್ಕೂ ಹೊರಗಿನ ಪ್ಲಾಸ್ಟಿಕ್ ಶೆಲ್ ಒಂದೇ.

ಮುಂದಿನ ಶಾಟ್‌ನಲ್ಲಿ ಅವನು ಬೂಟಿನ ಒಳಗಿನ ಮೆತ್ತನೆಯ ಲೈನರ್ ಹೊರಗೆ ತೆಗೆದು, ಬರೀ ಶೆಲ್ಲಿನೊಳಗೆ ಕಾಲಿಟ್ಟಿದ್ದಾನೆ. ಬೆರಳುಗಳು ಮುಂದೆ ಮೆಲ್ಲಗೆ ತಾಗಿವೆ. ಹಿಮ್ಮಡಿಯ ಹಿಂದೆ ಎಷ್ಟು ಜಾಗ ಇದೆ ಅಂತ ನಾನು ಬೆರಳು ಹಾಕಿ ನೋಡುತ್ತಿದ್ದೇನೆ. ಒಂದೂವರೆ ಬೆರಳು, ಹೆಚ್ಚೆಂದರೆ ಎರಡು. ಮೂರು ಬೆರಳು ಹೋದರೆ ಆ ಬೂಟ್ ದೊಡ್ಡದು. ಹಾಕಿಕೊಂಡಾಗ ಹಾಯಾಗಿದೆ ಅನ್ನಿಸಿದರೂ ಬೇಡ. ಲೈನರ್ ಕೆಲವೇ ದಿನಗಳಲ್ಲಿ ಕಾಲಿನ ಆಕಾರಕ್ಕೆ ಒತ್ತಿಕೊಂಡು ತೆಳುವಾಗುತ್ತದೆ. ಅಂಗಡಿಯಲ್ಲಿ ಹಾಯಾಗಿದ್ದ ಬೂಟ್ ಮುಂದಿನ ಸೀಸನ್ನಿಗೆ ಲೊಡಲೊಡ ಅನ್ನುತ್ತದೆ. ಹೊಸ ಬೂಟ್ ಕಾಲನ್ನು ಹಿಡಿದುಕೊಂಡಂತೆ ಇರಬೇಕು, ನೋಯಿಸಬಾರದು. ನೇರ ನಿಂತಾಗ ಬೆರಳು ತಾಗಬೇಕು, ಮಂಡಿ ಬಗ್ಗಿಸಿ ಮುಂದಕ್ಕೆ ಒರಗಿದಾಗ ಸ್ವಲ್ಪ ಹಿಂದಕ್ಕೆ ಸರಿಯಬೇಕು.

ಬೂಟ್ ಮೇಲೆ ಫ್ಲೆಕ್ಸ್ ಅಂತ ಒಂದು ಸಂಖ್ಯೆ ಇರುತ್ತದೆ, 80, 100, 120 ಹೀಗೆ. ಸಂಖ್ಯೆ ದೊಡ್ಡದಾದಷ್ಟೂ ಬೂಟ್ ಗಟ್ಟಿ. ಇದಕ್ಕೆ ಎಲ್ಲ ಕಂಪನಿಗೂ ಒಂದೇ ಅನ್ನುವ ಅಳತೆಗೋಲು ಇಲ್ಲ. ಒಬ್ಬರ 90 ಇನ್ನೊಬ್ಬರ 100 ಆಗಬಹುದು. ಹಾಕಿಕೊಂಡು ಮುಂದಕ್ಕೆ ಒತ್ತಿ ನೋಡುವುದೇ ದಾರಿ.

ವರ್ಷಕ್ಕೆ ನಾಲ್ಕೈದು ದಿನ ಮಾತ್ರ ಹಿಮಕ್ಕೆ ಹೋಗುವವರಿಗೆ ಒಂದು ಮಾತು. ಬೂಟ್ ಮಾತ್ರ ಸ್ವಂತ ಕೊಳ್ಳಿ, ಸ್ಕೀ ಬಾಡಿಗೆಗೆ ತೆಗೆದುಕೊಳ್ಳಿ. ಬೇರೆ ಬೇರೆ ಉದ್ದ, ಬೇರೆ ಬೇರೆ ಅಗಲದ ಸ್ಕೀಗಳನ್ನು ಹಾಕಿ ನೋಡಿದ ಹಾಗೂ ಆಗುತ್ತದೆ. ತಮ್ಮ ಈ ವರ್ಷ ಅದನ್ನೇ ಮಾಡಿದ. ಅದರಿಂದಲೇ ಅವನಿಗೆ ಏನು ಬೇಕು ಅಂತ ನಮಗಿಬ್ಬರಿಗೂ ಗೊತ್ತಾಯಿತು. ಮುಂದಿನ ಸೀಸನ್ನಿಗೆ ಅವನಿಗೆ ತುಂಬಾ ದಿನ ಸಿಗುತ್ತವೆ, ಅದಕ್ಕೇ ಈ ಖರೀದಿ.

ಸರಿ, ಮತ್ತೆ ಸ್ಕೀ ಸಾಲಿಗೆ ಬರೋಣ. ಮೂಲೆಯಲ್ಲಿ ನಿಂತಿರುವ ಈ ಉದ್ದನೆಯ ತೆಳು ಸ್ಕೀಗಳನ್ನು ನೋಡಿ. ನನ್ನ ತಲೆಗಿಂತ ಎಷ್ಟೋ ಮೇಲೆ ಹೋಗಿವೆ, 200 ಸೆಂಟಿಮೀಟರ್. ಮುಂದಿನಿಂದ ಹಿಂದಿನವರೆಗೆ ಅಗಲ ಹೆಚ್ಚು ಕಡಿಮೆ ಒಂದೇ. ಹಿಂದೆ ಎಲ್ಲ ಸ್ಕೀಗಳೂ ಹೀಗೇ ಇದ್ದವು. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಎಸ್‌ಸಿಎಕ್ಸ್ ಅನ್ನುವ ಸ್ಕೀ ತಂದಿತು. ತುದಿ ಅಗಲ, ನಡು ಸಣ್ಣ, ಹಿಂಭಾಗ ಮತ್ತೆ ಅಗಲ. ಅದನ್ನು ಪಕ್ಕಕ್ಕೆ ಓರೆ ಮಾಡಿದರೆ ಸಾಕು, ತಾನೇ ತಿರುಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಎಲ್ಲರೂ ಆ ಆಕಾರಕ್ಕೆ ಬಂದರು. ಆದ್ದರಿಂದ ಈ ನೇರ ಸ್ಕೀಗಳು ಪುಕ್ಕಟೆ ಸಿಕ್ಕರೂ ಕಲಿಯುವವರಿಗೆ ಬೇಡ. ಗೋಡೆಗೆ ತೂಗುಹಾಕಿದರೆ ಚೆನ್ನಾಗಿ ಕಾಣುತ್ತವೆ.

ಸ್ಕೀಯ ಮೇಲೆ ಸಣ್ಣ ಅಕ್ಷರದಲ್ಲಿ ಮೂರು ಸಂಖ್ಯೆ ಇರುತ್ತವೆ. ತುದಿಯ ಅಗಲ, ನಡುವಿನ ಅಗಲ, ಹಿಂಭಾಗದ ಅಗಲ, ಎಲ್ಲ ಮಿಲಿಮೀಟರ್‌ನಲ್ಲಿ. ಮೊದಲು ನೋಡಬೇಕಾದದ್ದು ನಡುವಿನದು. ಯಂತ್ರದಿಂದ ಸಮ ಮಾಡಿದ ಗಟ್ಟಿ ಹಿಮದ ಮೇಲೆ ಹೋಗುವವರಿಗೆ 85ಕ್ಕಿಂತ ಕಡಿಮೆ ಸಾಕು. 100 ದಾಟಿದವು ಮೆತ್ತನೆಯ ಆಳ ಹಿಮದಲ್ಲಿ ತೇಲಲಿ ಅಂತ ಮಾಡಿದವು. ಅಗಲದ ಸ್ಕೀಗಳನ್ನು ನೋಡಿದರೆ ಆಸೆಯಾಗುತ್ತದೆ, ನನಗೂ ಆಗುತ್ತದೆ. ಆದರೆ ಗಟ್ಟಿ ಹಿಮದ ಮೇಲೆ ಅವನ್ನು ಒಂದು ಎಡ್ಜ್‌ನಿಂದ ಇನ್ನೊಂದು ಎಡ್ಜ್‌ಗೆ ಉರುಳಿಸಲು ಜಾಸ್ತಿ ಹೊತ್ತು, ಜಾಸ್ತಿ ಶಕ್ತಿ ಬೇಕು. ತಮ್ಮನಿಗೆ 76ರಿಂದ 82ರ ಒಳಗೆ ಹುಡುಕುತ್ತಿದ್ದೇವೆ. ಉದ್ದ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು. ಅವನ ಎತ್ತರ 172, ಹಗುರ ಮೈ, ಇನ್ನೂ ಎರಡನೇ ಸೀಸನ್. 160ರ ಆಸುಪಾಸು ಸರಿ.

ಒಳಗೆ ಏನಿದೆ ಅನ್ನುವುದಕ್ಕೂ ಬೆಲೆ ಏರುತ್ತದೆ. ಮರದ ತಿರುಳಿರುವ ಸ್ಕೀ ನನಗೆ ಇಷ್ಟ. ಫೋಮ್ ತಿರುಳಿಗಿಂತ ಅದರ ಚಿಮ್ಮು ಹೆಚ್ಚು ಕಾಲ ಉಳಿಯುತ್ತದೆ. ದುಬಾರಿ ಸ್ಕೀಗಳಲ್ಲಿ ಟೈಟನಾಲ್ ಹಾಳೆಗಳನ್ನು ಹಾಕಿರುತ್ತಾರೆ. ಹೆಸರು ಕೇಳಿ ಟೈಟಾನಿಯಂ ಅಂದುಕೊಳ್ಳಬೇಡಿ, ಅದು ಅಲ್ಯೂಮಿನಿಯಂ ಮಿಶ್ರಲೋಹ. ವೇಗವಾಗಿ ಹೋಗುವವರಿಗೆ ಅದರಿಂದ ಸ್ಕೀ ನಡುಗದೆ ನಿಲ್ಲುತ್ತದೆ. ಹಗುರ ಮೈಯ ಕಲಿಯುವವರಿಗೆ ಅದು ಬಗ್ಗುವುದೇ ಇಲ್ಲ. ಜಾಸ್ತಿ ದುಡ್ಡು ಕೊಟ್ಟು ಕಷ್ಟ ಕೊಂಡ ಹಾಗೆ.

ಬೇಸ್, ಅಂದರೆ ಹಿಮಕ್ಕೆ ತಾಗುವ ಅಡಿಭಾಗ, ಅದರಲ್ಲೂ ಎರಡು ಬಗೆ. ಪಾಲಿಎಥಿಲೀನ್ ಅನ್ನುವ ಪ್ಲಾಸ್ಟಿಕ್ ಕರಗಿಸಿ ಹಾಳೆಯಾಗಿ ಹೊರಗೆ ತಳ್ಳಿದ್ದು ಎಕ್ಸ್‌ಟ್ರೂಡೆಡ್. ಅದರ ಪುಡಿಯನ್ನು ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡಿದ್ದು ಸಿಂಟರ್ಡ್. ಸಿಂಟರ್ಡ್ ಬೇಸ್ ವ್ಯಾಕ್ಸನ್ನು, ಅಂದರೆ ಸರಾಗ ಜಾರಲು ಹಚ್ಚುವ ಮೇಣವನ್ನು, ಚೆನ್ನಾಗಿ ಕುಡಿಯುತ್ತದೆ, ವೇಗ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಆಗಾಗ ವ್ಯಾಕ್ಸ್ ಮಾಡದಿದ್ದರೆ ಒಣಗಿ, ಕೊಟ್ಟ ದುಡ್ಡೆಲ್ಲ ಸುಮ್ನೆ ಹೋಗುತ್ತದೆ. ಮನೆಯಲ್ಲಿ ವ್ಯಾಕ್ಸ್ ಮಾಡುವ ಮನಸ್ಸಿಲ್ಲದವರಿಗೆ ಎಕ್ಸ್‌ಟ್ರೂಡೆಡ್ ಸಾಕು, ರಿಪೇರಿಯೂ ಸುಲಭ.

ಈಗ ಬಂತು ನೋಡಿ ಆ ಬೂದು ಬಣ್ಣದ ಜೊತೆ. ಮೇಲೆಲ್ಲ ಗೀರು, ತುದಿಯಲ್ಲಿ ಬಣ್ಣ ಚಕ್ಕೆ ಎದ್ದಿದೆ. ತಮ್ಮ ಇದರತ್ತ ತಿರುಗಿಯೂ ನೋಡಿರಲಿಲ್ಲ. ನಾನು ಮಾಡುವುದನ್ನು ಹಾಗೇ ನೋಡಿ. ಮೊದಲು ಎಡ್ಜ್. ದಪ್ಪ ಇದೆ. ಮೇಲೆ ಸ್ವಲ್ಪ ತುಕ್ಕು, ಅದು ಅರದಿಂದ ಉಜ್ಜಿದರೆ ಹೋಗುತ್ತದೆ. ಎಲ್ಲೂ ಸೀಳಿಲ್ಲ, ಎಲ್ಲೂ ಹೊರಗೆ ಎದ್ದು ಬಂದಿಲ್ಲ. ಆಮೇಲೆ ಬೇಸ್. ಉಗುರಿಗೆ ಸಿಗುವ ನಾಲ್ಕೈದು ಗೀರುಗಳಿವೆ. ಅವನ್ನು ಪಿ-ಟೆಕ್ಸ್ ಅನ್ನುವ ಬೇಸ್ ಪ್ಲಾಸ್ಟಿಕ್ ಕರಗಿಸಿ ತುಂಬಬಹುದು. ಒಳಗಿನ ಮರ ಕಾಣುವಷ್ಟು ಆಳದ ಗಾಯ ಎಡ್ಜ್ ಪಕ್ಕದಲ್ಲೇ ಇದ್ದಿದ್ದರೆ ಬಿಟ್ಟುಬಿಡುತ್ತಿದ್ದೆ. ಅಲ್ಲಿಂದ ನೀರು ಒಳಗೆ ಹೋಗಿ ಪದರಗಳು ಬಿಟ್ಟುಕೊಳ್ಳುತ್ತವೆ. ಮೂರನೆಯದು ಸೈಡ್‌ವಾಲ್, ಸ್ಕೀಯ ಪಕ್ಕದ ಗೋಡೆ. ಉದ್ದಕ್ಕೂ ಉಗುರು ಎಳೆಯುತ್ತಿದ್ದೇನೆ. ಎಲ್ಲಾದರೂ ಉಗುರು ಒಳಗೆ ಹೋದರೆ ಅಲ್ಲಿ ಅಂಟು ಬಿಟ್ಟಿದೆ ಅಂತ ಅರ್ಥ. ಹೋಗಲಿಲ್ಲ.

ಈಗ ಎರಡೂ ಸ್ಕೀಗಳನ್ನು ಬೇಸ್‌ಗೆ ಬೇಸ್ ಸೇರಿಸಿ ಹಿಡಿದಿದ್ದೇನೆ. ನಡುವೆ ಬೆಳಕು ಕಾಣುತ್ತಿದೆಯಲ್ಲ, ಆ ಕಮಾನಿಗೆ ಕ್ಯಾಂಬರ್ ಅನ್ನುತ್ತಾರೆ. ಒತ್ತಿದೆ, ಮುಚ್ಚಿತು. ಬಿಟ್ಟೆ, ಮತ್ತೆ ತೆರೆಯಿತು. ಜೀವ ಇದೆ ಇದರಲ್ಲಿ. ತುದಿಗಳು ಎರಡೂ ಕಡೆ ಒಂದೇ ಥರ ಕೂಡಿವೆ, ಅಂದರೆ ಎಲ್ಲೂ ಬಗ್ಗಿಲ್ಲ, ತಿರುಚಿಲ್ಲ. ಈ ಜೊತೆಯನ್ನು ಹಿಡಿದುಕೊಂಡು ನಿಂತಾಗ ನನಗೆ ನಿಜವಾಗಿ ಖುಷಿಯಾಯಿತು.

ಇನ್ನು ಬೈಂಡಿಂಗ್. ನನಗೆ ಪೆಟ್ಟು ಬಿದ್ದ ಜಾಗ ಇದು, ಆದ್ದರಿಂದ ದುಡ್ಡು ಕೊಡುವ ಮೊದಲೇ ವರ್ಕ್‌ಶಾಪಿನವರಿಗೆ ಮಾಡೆಲ್ ಹೆಸರು ಹೇಳಿ ಕೇಳಿದೆ. ಪಟ್ಟಿಯಲ್ಲಿದೆ ಅಂದರು. ಮೇಲಿನ ಕಿಟಕಿಯಲ್ಲಿ 3ರಿಂದ 10 ಅಂತ ಕಾಣುತ್ತಿದೆ. ಬಿದ್ದಾಗ ಎಷ್ಟು ಒತ್ತಡಕ್ಕೆ ಬೂಟ್ ಬಿಟ್ಟುಕೊಳ್ಳಬೇಕು ಅನ್ನುವ ಸಂಖ್ಯೆ ಅದು, ಡಿನ್ ಅನ್ನುತ್ತಾರೆ. ನಮಗೆ ಬೇಕಾದ ಸಂಖ್ಯೆ ಈ ಸಾಲಿನ ಮಧ್ಯದಲ್ಲಿ ಬರಬೇಕು. ರೇಸ್‌ಗೆ ಮಾಡಿದ ಕೆಲವು ಬೈಂಡಿಂಗ್‌ಗಳು 8ರಿಂದ ಶುರುವಾಗುತ್ತವೆ. ಹಗುರ ಮೈಯವರು ಅದರಲ್ಲಿ ಬಿದ್ದರೆ ಸ್ಕೀ ಬಿಚ್ಚಿಕೊಳ್ಳದೆ ಮಂಡಿ ತಿರುಚಬಹುದು.

ಬೂಟಿನ ಅಡಿಯೂ ಬೈಂಡಿಂಗ್‌ಗೆ ಹೊಂದಬೇಕು. ಹಳೆಯ ಚಪ್ಪಟೆ ಗಟ್ಟಿ ಅಡಿಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 5355. ಈಗ ಬರುವ ಅನೇಕ ಬೂಟ್‌ಗಳಲ್ಲಿ ನಡೆಯಲು ಸುಲಭವಾದ ಗ್ರಿಪ್‌ವಾಕ್ ಅಡಿ ಇರುತ್ತದೆ. ಹಳೆಯ ಬೈಂಡಿಂಗ್‌ಗಳೆಲ್ಲ ಅದನ್ನು ತೆಗೆದುಕೊಳ್ಳುವುದಿಲ್ಲ. ಚೀಲದಲ್ಲಿ ಬೂಟ್ ಹೊತ್ತು ತಂದದ್ದು ಇದಕ್ಕೇ. ತಮ್ಮನದು 5355, ಇಲ್ಲಿ ತೊಂದರೆ ಇಲ್ಲ. ಈ ಬೈಂಡಿಂಗ್ ಹಳಿಯ ಮೇಲೆ ಸರಿಯುವ ಬಗೆಯದು. ಹಾಗಾಗಿ ಸ್ಕೀಗೆ ಹೊಸ ತೂತು ಕೊರೆಯುವ ಕೆಲಸವೂ ಇಲ್ಲ.

"ಇದೇನಾ ಅಕ್ಕ?" ಅಂತ ಕೇಳಿದ. ಸ್ವಲ್ಪ ಹೊತ್ತು ಗೀರುಗಳನ್ನೇ ನೋಡಿದ. ಆಮೇಲೆ ತಾನೇ ಎರಡನ್ನೂ ಸೇರಿಸಿ ಹಿಡಿದು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. "ಇದೇ ಇರಲಿ" ಅಂದ.

ವರ್ಕ್‌ಶಾಪಿನಲ್ಲಿ ಅವನ ತೂಕ, ಎತ್ತರ, ವಯಸ್ಸು, ಎಷ್ಟು ಚೆನ್ನಾಗಿ ಸ್ಕೀ ಮಾಡುತ್ತಾನೆ, ಬೂಟಿನ ಅಡಿ ಎಷ್ಟು ಮಿಲಿಮೀಟರ್, ಎಲ್ಲ ಬರೆದುಕೊಂಡರು. ಅಡಿಯ ಉದ್ದ ಬೂಟಿನ ಹಿಮ್ಮಡಿ ಹತ್ತಿರವೇ ಅಚ್ಚಾಗಿರುತ್ತದೆ. ದಯವಿಟ್ಟು ಇಲ್ಲಿ ಸುಳ್ಳು ಹೇಳಬೇಡಿ. ತೂಕ ಕಡಿಮೆ ಹೇಳಿದರೂ, ಕಲಿತದ್ದು ಜಾಸ್ತಿ ಅಂದರೂ ಸಂಖ್ಯೆ ತಪ್ಪುತ್ತದೆ. ಸ್ಕ್ರೂಡ್ರೈವರ್ ಹಿಡಿದು ಮನೆಯಲ್ಲಿ ನೀವೇ ತಿರುಗಿಸುವುದೂ ಬೇಡ. ಯಂತ್ರಕ್ಕೆ ಹಾಕಿ ಬೂಟ್ ಸರಿಯಾಗಿ ಬಿಡುತ್ತದೆಯೇ ಅಂತ ಪರೀಕ್ಷೆ ಮಾಡಿಕೊಡುತ್ತಾರೆ. ಎಷ್ಟೇ ಉಳಿಸಬೇಕಿದ್ದರೂ ಈ ಖರ್ಚು ಉಳಿಸಬೇಡಿ. ಹೆಲ್ಮೆಟ್ ಕೂಡ ಹೊಸದೇ ಕೊಳ್ಳಿ. ಬಳಸಿದ ಹೆಲ್ಮೆಟ್ ಒಳಗೆ ಬಿರುಕು ಬಿಟ್ಟಿದ್ದರೆ ಹೊರಗೆ ಕಾಣುವುದಿಲ್ಲ.

ಇದು ರಾತ್ರಿ, ಮನೆಯಲ್ಲಿ. ಗೀರುಗಳನ್ನು ತುಂಬಿ ಆಯಿತು, ತುಕ್ಕು ಉಜ್ಜಿ ಆಯಿತು. ತಮ್ಮ ವ್ಯಾಕ್ಸ್ ತುಂಡನ್ನು ಇಸ್ತ್ರಿಪೆಟ್ಟಿಗೆಗೆ ಒತ್ತಿ ಬೇಸ್ ಮೇಲೆ ಹನಿಸುತ್ತಿದ್ದಾನೆ. ಇಸ್ತ್ರಿಪೆಟ್ಟಿಗೆಯನ್ನು ಒಂದೇ ಕಡೆ ನಿಲ್ಲಿಸಬಾರದು, ಬೇಸ್ ಸುಡುತ್ತದೆ. ಸರಿಸುತ್ತಲೇ ಇರಬೇಕು. ಎಡ್ಜ್ ಮೇಲೂ ದಪ್ಪಗೆ ಹರಡಿದ, ತೇವ ತಾಗಿ ಮತ್ತೆ ತುಕ್ಕು ಹಿಡಿಯದಿರಲಿ ಅಂತ. ಹಿಮಕ್ಕೆ ಹೊರಡುವುದಿದ್ದರೆ ಈಗ ಕೆರೆದು ತೆಗೆಯಬೇಕಿತ್ತು. ಬೇಸಿಗೆ ಕಳೆಯುವವರೆಗೆ ಇದು ಹೀಗೇ ಇರುತ್ತದೆ. ಕೆರೆಯುವ ಪಟ್ಟಿಯನ್ನು ರಬ್ಬರ್ ಬ್ಯಾಂಡ್‌ನಿಂದ ಸ್ಕೀಗೇ ಕಟ್ಟಿ, ಬಿಸಿಲು ಬೀಳದ ಮೂಲೆಯಲ್ಲಿ ನಿಲ್ಲಿಸಿದ್ದಾನೆ.