ಒಂದು ಚಮಚ ಧಾನ್ಯ, ಬಟ್ಟಲು ತುಂಬ ಹಣ್ಣು

ಕೇಳುಗರಿಗೆಲ್ಲ ನಮಸ್ಕಾರ.

ಬೆಳಗಿನ ತಿಂಡಿಗೆಂದು ಮ್ಯೂಸ್ಲಿ ಅಂತ ಅಂಗಡಿಯಲ್ಲಿ ದೊಡ್ಡ ದೊಡ್ಡ ಪೊಟ್ಟಣ ಸಿಗುತ್ತದಲ್ವಾ? ಒಡೆದು ನೋಡಿದರೆ ಓಟ್ಸೇ ಜಾಸ್ತಿ. ಅಲ್ಲೊಂದು ಇಲ್ಲೊಂದು ಒಣದ್ರಾಕ್ಷಿ. ಎಷ್ಟೋ ಪೊಟ್ಟಣಗಳಲ್ಲಿ ಸಕ್ಕರೆಯೂ ಸೇರಿರುತ್ತದೆ. ಈ ತಿಂಡಿಗೆ ಹೆಸರು ತಂದ ವೈದ್ಯರು ಮಾಡಿಸುತ್ತಿದ್ದದ್ದೇ ಬೇರೆ.

ಅವರು ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಬಿರ್ಷರ್-ಬೆನ್ನರ್. 1904ರಲ್ಲಿ ಜ್ಯೂರಿಕ್ ನಗರದ ಗುಡ್ಡದ ಮೇಲೆ ಒಂದು ಆರೋಗ್ಯಧಾಮ ತೆರೆದರು. ಅಲ್ಲಿಗೆ ಬಂದವರಿಗೆ ಕೊಡುತ್ತಿದ್ದ ಬಟ್ಟಲಿನ ಅಳತೆ ಕೇಳಿ. ಒಬ್ಬರಿಗೆ ಓಟ್ಸ್ ಒಂದೇ ಒಂದು ದೊಡ್ಡ ಚಮಚ! ಅದನ್ನು ಮೂರು ಚಮಚ ನೀರಿನಲ್ಲಿ 12 ಗಂಟೆ ನೆನೆಸಿಡಬೇಕು. ಆಮೇಲೆ ಒಂದು ಚಮಚ ನಿಂಬೆರಸ, ಒಂದು ಚಮಚ ಡಬ್ಬಿಯ ಮಂದ ಹಾಲು. ಹಸಿ ಹಾಲಿನಿಂದ ಕ್ಷಯ ಹರಡುತ್ತಿದ್ದ ಕಾಲ ಅದು, ಅದಕ್ಕೇ ಡಬ್ಬಿ ಹಾಲು. ಕೊನೆಗೆ ದೊಡ್ಡದೊಂದು ಸೇಬನ್ನು ಸಿಪ್ಪೆ ಸಮೇತ ತುರಿದು ಕಲಸಿ, ಮೇಲೆ ಒಂದು ಚಮಚ ಬಾದಾಮಿ ಪುಡಿ. ಅಂದರೆ ಹೊಟ್ಟೆ ತುಂಬಿಸುತ್ತಿದ್ದದ್ದು ಸೇಬು. ಓಟ್ಸ್ ಸುಮ್ನೆ ಜೊತೆಗೆ.

ಈ ಲೆಕ್ಕ ನನಗೆ ತುಂಬಾ ಹಿಡಿಸಿತು. ನಮ್ಮ ಅಡುಗೆಮನೆಗೂ ಇದು ಹೊಂದುತ್ತದೆ. ಓಟ್ಸೇ ಆಗಬೇಕೆಂದಿಲ್ಲ, ಗಟ್ಟಿ ಅವಲಕ್ಕಿ ಸಾಕು. ರಾತ್ರಿಯಿಡೀ ನೆನೆಯುವುದೂ ಬೇಡ. ತೊಳೆದು, ಸ್ವಲ್ಪ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿಯೇ ಅವಲಕ್ಕಿ ಮಾಡಿರುತ್ತಾರೆ. ಓಟ್ಸನ್ನೂ ಹಬೆಯಲ್ಲಿಟ್ಟು ಚಪ್ಪಟೆ ಮಾಡಿರುತ್ತಾರೆ. ಅದಕ್ಕೇ ಇವೆರಡನ್ನೂ ಬೇಯಿಸದೆ ತಿನ್ನಬಹುದು. ಇದನ್ನು ಕೇಳಿ ನವಣೆ, ಸಾಮೆಯನ್ನು ನೆನೆಸಿ ಹಾಗೇ ತಿನ್ನಲು ಹೋಗಬೇಡಿ, ಅವು ಬೇಯಲೇಬೇಕು.

ಇದಕ್ಕೆ ಒಂದು ಹಿಡಿ ಹೆಸರುಕಾಳು ಸೇರಿದರೆ ಇನ್ನೂ ಒಳ್ಳೆಯದು. ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆಯಿರಿ. ಮಕ್ಕಳಿಗೆ, ವಯಸ್ಸಾದವರಿಗೆ, ಬಸುರಿಯರಿಗೆ ಕೊಡುವುದಾದರೆ ಕಾಳನ್ನು ಬೇಯಿಸಿಯೇ ಹಾಕಿ.

ಇನ್ನು ಹಣ್ಣು. ಸೇಬಿಗೆ ದುಡ್ಡು ಸುರಿಯುವುದೇಕೆ? ಸೀಬೆಹಣ್ಣು ಇದೆಯಲ್ಲ! ವಿಟಮಿನ್ ಸಿ ಲೆಕ್ಕದಲ್ಲಿ ಸೀಬೆಯ ಮುಂದೆ ಕಿತ್ತಳೆಯೂ ಹಿಂದೆಯೇ. ಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ಈ ವಿಟಮಿನ್ ನೆರವಾಗುತ್ತದೆ. ಪಪ್ಪಾಯಿ, ದಾಳಿಂಬೆ, ಬಾಳೆಹಣ್ಣು, ಆ ದಿನ ಮನೆಯಲ್ಲಿ ಯಾವುದಿದೆಯೋ ಅದನ್ನು ಹೆಚ್ಚಿ ಹಾಕಿ. ಡಬ್ಬಿ ಹಾಲಿನ ಬದಲು ಎರಡು ಚಮಚ ಮೊಸರು, ನಾಲ್ಕು ಹನಿ ನಿಂಬೆರಸ. ಮೇಲೆ ಒಂದಿಷ್ಟು ಹುರಿದ ಕಡಲೆಕಾಯಿ ಬೀಜದ ಪುಡಿ. ಬಾದಾಮಿಗಿಂತ ಅಗ್ಗ, ರುಚಿಯಲ್ಲೇನೂ ಕಡಿಮೆಯಿಲ್ಲ.

ಓಟ್ಸೇ ನೆನೆಸುವವರು ಬೇಸಿಗೆಯಲ್ಲಿ ಪಾತ್ರೆಯನ್ನು ಫ್ರಿಜ್ಜಿನಲ್ಲಿಡಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಹುಳಿ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರು ಅವಲಕ್ಕಿ, ಬಾಳೆಹಣ್ಣು ಕಡಿಮೆ ಮಾಡಿ, ಸೀಬೆ, ಹೆಸರುಕಾಳು ಜಾಸ್ತಿ ಹಾಕಿಕೊಳ್ಳಿ. ಎಷ್ಟು ತಿನ್ನಬಹುದು ಅನ್ನುವುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಹಣ್ಣನ್ನು ಜ್ಯೂಸ್ ಮಾಡಿ ಮಾತ್ರ ಕುಡಿಯಬೇಡಿ.

ನಮಸ್ಕಾರ.