ಕಡಿದದ್ದು ಖಚಿತ, ಕೊಂದದ್ದು?

ಕೇಳುಗರಿಗೆ ನಮಸ್ಕಾರ.

ದೇಹವನ್ನು ತುಂಡರಿಸಿ ಕಡಲ ಖಾಡಿಗೆ ಎಸೆದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಮಾಟುಂಗದ ನಮ್ಮ ಕನ್ನಡ ಬಳಗದಲ್ಲಿ ಯಾರಾದರೊಬ್ಬರು ಕೇಳುತ್ತಾರೆ: "ಇಷ್ಟೆಲ್ಲ ಮಾಡಿದ್ದಾರೆ ಎಂದಮೇಲೆ ಕೊಲೆಯಲ್ಲದೆ ಮತ್ತೇನು, ಡಾಕ್ಟರೇ?" ಮುಂಬಯಿಯ ಶವಾಗಾರದಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದವನಾಗಿ ನನ್ನ ಉತ್ತರ ಇದು: ಕಡಿದವನು ಏನನ್ನೋ ಮುಚ್ಚಿಟ್ಟಿದ್ದಾನೆ, ಅದರಲ್ಲಿ ಅನುಮಾನವಿಲ್ಲ. ಏನನ್ನು ಮುಚ್ಚಿಟ್ಟ ಎಂಬುದಕ್ಕೆ ಬೇರೆಯೇ ಸಾಕ್ಷ್ಯ ಬೇಕು.

ಲಂಡನ್ನಿನ ಹಳೆಯ ಪ್ರಕರಣಗಳನ್ನು ನೋಡಿ. 1887ರಲ್ಲಿ ರೇನ್‌ಹ್ಯಾಮ್ ಬಳಿ ಥೇಮ್ಸ್ ನದಿಯಲ್ಲಿ ಹೆಂಗಸೊಬ್ಬಳ ದೇಹದ ತುಂಡುಗಳು ಸಿಕ್ಕವು. 1888ರ ಅಕ್ಟೋಬರ್ 2ರಂದು, ಪೊಲೀಸರ ಹೊಸ ಪ್ರಧಾನ ಕಚೇರಿ ಕಟ್ಟುತ್ತಿದ್ದ ಜಾಗದ ನೆಲಮಾಳಿಗೆಯಲ್ಲೇ ಇನ್ನೊಬ್ಬಳ ಮುಂಡ ಸಿಕ್ಕಿತು. ಇಬ್ಬರ ತಲೆಯೂ ಸಿಗಲಿಲ್ಲ. ಸಾವಿನ ಕಾರಣ ವಿಚಾರಿಸುವ ಕಾರೊನರ್ ನ್ಯಾಯಾಲಯದ ಪಂಚರು, ಅಂದರೆ ಜ್ಯೂರಿ, ಎರಡರಲ್ಲೂ ಕೊಲೆ ಎನ್ನಲಿಲ್ಲ, 'ಸತ್ತ ಸ್ಥಿತಿಯಲ್ಲಿ ಸಿಕ್ಕಿದ್ದಾಳೆ' ಎಂದಷ್ಟೇ ಬರೆಸಿದರು. ಅದನ್ನು ಉದಾಸೀನ ಎಂದು ಹಳಿಯುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಪ್ರಾಮಾಣಿಕತೆ.

ಏಕೆಂದರೆ ಗಾಯದ ಅಂಚನ್ನು ಓದುವುದು ಸುಲಭವಲ್ಲ. ಜೀವವಿರುವಾಗ ಬಿದ್ದ ಗಾಯದಲ್ಲಿ ರಕ್ತ ಸುತ್ತಲಿನ ಮಾಂಸದೊಳಕ್ಕೆ ಇಳಿದು ಹೆಪ್ಪುಗಟ್ಟಿರುತ್ತದೆ. ನೀರು ಬಿಟ್ಟು ಒರೆಸಿದರೂ ಆ ಕೆಂಪು ಹೋಗುವುದಿಲ್ಲ. ಸತ್ತಮೇಲೆ ಕೊಯ್ದ ಅಂಚು ಬಿಳಿಚಿಕೊಂಡಿರುತ್ತದೆ. ಆದರೆ ದೇಹ ವಾರಗಟ್ಟಲೆ ನೀರಿನಲ್ಲಿದ್ದು ಕೊಳೆತರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಕತ್ತು ಹಿಸುಕಿದ್ದರೆ ನಾಲಿಗೆಯ ಬುಡದ ಸಣ್ಣ ಎಲುಬು ಮುರಿದಿರಬಹುದು, ತಲೆಗೆ ಹೊಡೆದಿದ್ದರೆ ಬುರುಡೆ ಸೀಳಿರಬಹುದು. ತಲೆ, ಕತ್ತು ಎರಡೂ ಇಲ್ಲದಾಗ ನೋಡುವುದಾದರೂ ಏನನ್ನು? ಕೊಲೆಗಾರ ಬೇಕೆಂದೇ ಅವನ್ನು ಒಯ್ದಿರಲೂಬಹುದು. ಹಾಗಾಗಿ ಹಿಂಸೆಯ ಗುರುತು ಸಿಗಲಿಲ್ಲ ಎಂಬುದರಿಂದ ಯಾರೂ ನಿರಪರಾಧಿಯಾಗುವುದಿಲ್ಲ.

ನೆಲಮಾಳಿಗೆಯ ಮುಂಡವನ್ನು ಪರೀಕ್ಷಿಸಿದ ಡಾ. ಥಾಮಸ್ ಬಾಂಡ್ ಹೃದಯವನ್ನು ನೋಡಿ, ಈಕೆ ಉಸಿರುಗಟ್ಟಿಯೋ ಮುಳುಗಿಯೋ ಸತ್ತಿರಲಾರಳು, ರಕ್ತಸ್ರಾವವೋ ಮೂರ್ಛೆಯೋ ಇರಬಹುದು ಎಂದರು. ರಕ್ತಸ್ರಾವ ಎಂದೊಡನೆ ನಮ್ಮ ಮನಸ್ಸು ಚೂರಿಯ ಕಡೆಗೆ ಓಡುತ್ತದೆ. ಆದರೆ ಕದ್ದು ಮಾಡಿಸಿದ ಗರ್ಭಪಾತದಲ್ಲೂ ಹೆಂಗಸರು ರಕ್ತ ಹರಿದೇ ಸಾಯುತ್ತಿದ್ದರು. ಇಂಗ್ಲೆಂಡಿನ 1861ರ ಕಾಯಿದೆಯಲ್ಲಿ ಅದು ಜೀವಾವಧಿ ಶಿಕ್ಷೆಯ ಅಪರಾಧವಾಗಿತ್ತು. ಶಿಕ್ಷೆಗೆ ಹೆದರಿದವನು, ತನ್ನ ಕೈಯಲ್ಲೇ ಹೆಣವಾದವಳನ್ನು ಮರೆಮಾಡಲು ಏನು ಬೇಕಾದರೂ ಮಾಡಿಯಾನು. ನಮ್ಮ ದೇಶದಲ್ಲೂ ಗರ್ಭಪಾತಕ್ಕೆ ಅವಕಾಶ ಕೊಟ್ಟ 1971ರ ಕಾಯಿದೆ ಬರುವವರೆಗೆ ಇದೇ ಭಯವಿತ್ತು. ಈ ಸಾಧ್ಯತೆಯನ್ನು ಬಿಟ್ಟು, ಸಿಕ್ಕ ಮುಂಡಗಳನ್ನೆಲ್ಲ ಒಬ್ಬ ಹುಚ್ಚು ಹಂತಕನ ಲೆಕ್ಕಕ್ಕೆ ಬರೆದರೆ ಆ ಹೆಂಗಸರಿಗೆ ಎರಡನೆಯ ಸಲ ಅನ್ಯಾಯವಾಗುತ್ತದೆ. ಅವರು ನಿಜಕ್ಕೂ ಹೇಗೆ ಸತ್ತರು ಎಂದು ಕೇಳುವವರೇ ಇಲ್ಲವಾಗುತ್ತಾರೆ.

1889ರ ಜೂನ್‌ನಲ್ಲಿ ಥೇಮ್ಸ್ ನದಿಯಲ್ಲಿ ತುಂಡುಗಳಾಗಿ ಸಿಕ್ಕ ಎಲಿಜಬೆತ್ ಜಾಕ್ಸನ್ ವಿಷಯದಲ್ಲಾದರೋ ಪಂಚರು ಕೊಲೆ ಎಂದೇ ತೀರ್ಮಾನಿಸಿದರು. ಅವಳ ತಲೆಯೂ ಸಿಗಲಿಲ್ಲ. ಮಣಿಕಟ್ಟಿನ ಕಲೆ ಮತ್ತು ಬಟ್ಟೆಯಿಂದ ಗುರುತು ಹಿಡಿದರು. ಇಪ್ಪತ್ತನಾಲ್ಕರ ಪ್ರಾಯ, ತುಂಬು ಬಸುರಿ, ಮಲಗಲು ಸೂರಿಲ್ಲದವಳು. ಹೆಸರೂ ಕಥೆಯೂ ಇದ್ದದ್ದು ಪಂಚರ ಮನಸ್ಸನ್ನು ವಾಲಿಸಿತು ಎಂದೇ ನನ್ನ ಎಣಿಕೆ. ಅವರ ಕನಿಕರ ನನಗೆ ಅರ್ಥವಾಗುತ್ತದೆ, ಆದರೆ ಕನಿಕರ ಸಾಕ್ಷ್ಯವಲ್ಲ.

ನಮ್ಮ ಸುಪ್ರೀಂ ಕೋರ್ಟ್ 1952ರಲ್ಲಿ ಇದೇ ಗಂಟನ್ನು ಬಿಡಿಸಬೇಕಾಯಿತು. ಪಂಜಾಬಿನಲ್ಲಿ ಗಂಡನ ಶವವನ್ನು ಟ್ರಂಕಿನಲ್ಲಿಟ್ಟು ಬಾವಿಗೆ ಹಾಕಿದ ಪ್ರಕರಣ ಅದು. ಶವ ಎಷ್ಟು ಕೊಳೆತಿತ್ತೆಂದರೆ ಸಾವಿನ ಕಾರಣವೇ ತಿಳಿಯಲಿಲ್ಲ. ಸೈನೈಡ್‌ನಿಂದ ಆದ ಆಕಸ್ಮಿಕ ಎಂಬುದು ಹೆಂಡತಿಯ ಮಾತು. ಸಾಕ್ಷ್ಯ ನಾಶದ ಆರೋಪ ನಿಲ್ಲಬೇಕಾದರೂ ಮೊದಲು ಅಪರಾಧವೊಂದು ನಡೆದಿದೆ ಎಂದು ರುಜುವಾಗಬೇಕು, ಸಂಶಯ ಎಷ್ಟೇ ಬಲವಾಗಿದ್ದರೂ ಪುರಾವೆಯ ಜಾಗಕ್ಕೆ ಬರಲಾರದು ಎಂದು ನ್ಯಾಯಾಲಯ ಅವಳನ್ನು ಬಿಡುಗಡೆ ಮಾಡಿತು.

ಲಂಡನ್ನಿನಂತೆ ಮುಂಬಯಿಯಲ್ಲೂ ಬಹುಕಾಲ ಕಾರೊನರ್ ನ್ಯಾಯಾಲಯವಿತ್ತು. ಆ ನೆಲಮಾಳಿಗೆಯ ಹೆಂಗಸಿನ ಕಡತ ಅಲ್ಲಿ ನನ್ನ ಮುಂದೆ ಬಂದಿದ್ದರೆ ನಾನು ಬರೆಯುತ್ತಿದ್ದದ್ದು ಇಷ್ಟು: ಸಾವಿನ ಕಾರಣ ನಿರ್ಧರಿಸಲಾಗಿಲ್ಲ. ಶವವನ್ನು ಉದ್ದೇಶಪೂರ್ವಕವಾಗಿ ಮರೆಮಾಡಲಾಗಿದೆ. ಕೊಲೆಯನ್ನಾಗಲಿ ಗರ್ಭಪಾತವನ್ನಾಗಲಿ ತಳ್ಳಿಹಾಕುವಂತಿಲ್ಲ. ತಲೆಗಾಗಿ ಶೋಧ ಮುಂದುವರಿಯಲಿ.

ನಮಸ್ಕಾರ.