ಮೋವರ್ ಅಲಗು: ಸಾಣೆ ಮತ್ತು ತೂಕ

ಕೇಳುಗರೇ, ನಮಸ್ಕಾರ.

ಟ್ರ್ಯಾಕ್ಟರಿಗೆ ಮೋವರ್ ಕಟ್ಟಿ ಹುಲ್ಲು ಹೊಡೆದ ಮರುದಿನ ಒಂದು ಸಣ್ಣ ಕೆಲಸ ಮಾಡಿ. ಹೊಡೆದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ನಾಲ್ಕು ಎಸಳು ಕಿತ್ತು, ಅದರ ತುದಿ ನೋಡಿ. ಒಂದೇ ಗೆರೆಯಲ್ಲಿ ತುಂಡಾಗಿದ್ದರೆ ಅಲಗು ಚೆನ್ನಾಗಿದೆ. ತುದಿ ನಾರುನಾರಾಗಿ ಎದ್ದು, ಬೆಳ್ಳಗೋ ಕಂದು ಬಣ್ಣಕ್ಕೋ ತಿರುಗಿದ್ದರೆ ಅಲಗು ಮೊಂಡಾಗಿದೆ. ಅದು ಹುಲ್ಲನ್ನು ಕತ್ತರಿಸಿಲ್ಲ, ಬಡಿದು ಹರಿದಿದೆ. ಹರಿದ ಗಾಯ ಬೇಗ ಮಾಯುವುದಿಲ್ಲ. ಅಲ್ಲಿಂದ ನೀರು ಆರಿಹೋಗುತ್ತದೆ, ರೋಗಕ್ಕೂ ದಾರಿಯಾಗುತ್ತದೆ. ಎಂಜಿನ್ ಮೇಲೆ ಹೊರೆ ಬಿದ್ದು ಇಂಧನ ಜಾಸ್ತಿ ಕುಡಿಯುತ್ತದೆ.

ನಯವಾಗಿ ಹುಲ್ಲು ಕತ್ತರಿಸುವ ಮೋವರ್‌ನ ಅಲಗನ್ನು ಸುಮಾರು 25 ಗಂಟೆ ಕೆಲಸಕ್ಕೊಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಮರಳು, ಕಲ್ಲು ಇರುವ ನೆಲವಾದರೆ ಅದಕ್ಕೂ ಮೊದಲೇ. ಕಲ್ಲಿಗೋ ಬೇರಿಗೋ ಬಡಿದ ಸದ್ದು ಕೇಳಿದರೆ ಗಂಟೆ ಲೆಕ್ಕ ಹಾಕುತ್ತಾ ಕೂರಬೇಡಿ, ಆಗಲೇ ನಿಲ್ಲಿಸಿ ನೋಡಿ.

ಬಿಚ್ಚುವ ಮೊದಲು ಪಿ.ಟಿ.ಓ., ಅಂದರೆ ಟ್ರ್ಯಾಕ್ಟರಿನಿಂದ ಮೋವರ್ ತಿರುಗಿಸುವ ಶಾಫ್ಟಿನ ಸಂಪರ್ಕ, ಬಿಡಿಸಿ. ಎಂಜಿನ್ ಆರಿಸಿ, ಕೀಲಿ ಕೈ ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಪೆಟ್ರೋಲ್ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್ಗಿನ ವೈರ್ ಕೂಡ ಕಿತ್ತಿಡಿ. ಅಲಗು ಪೂರ್ತಿ ನಿಂತಿದೆ ಅಂತ ಕಣ್ಣಾರೆ ನೋಡಿ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಹೈಡ್ರಾಲಿಕ್ ಎತ್ತಿ ಹಿಡಿದಿದೆ ಅಂತ ಮೋವರ್ ಅಡಿಗೆ ಕೈ ಹಾಕಬೇಡಿ. ಒಂದು ಹೋಸ್ ಒಡೆದರೆ, ಯಾರೋ ಲಿವರ್ ಮುಟ್ಟಿದರೆ, ಅಷ್ಟೂ ಭಾರ ಕೆಳಗೆ ಬರುತ್ತದೆ. ಗಟ್ಟಿಯಾದ ಸ್ಟ್ಯಾಂಡೋ ಮರದ ದಿಮ್ಮಿಯೋ ಕೊಟ್ಟ ಮೇಲೆಯೇ ಕೆಲಸ. ಅಲಗು ತಿರುಗದಂತೆ ಒಂದು ಮರದ ತುಂಡು ಅಡ್ಡ ಕೊಟ್ಟು, ದಪ್ಪ ಕೈಗವಸು ಹಾಕಿಕೊಂಡು ಬೋಲ್ಟ್ ಬಿಚ್ಚಿ. ಕೆಲವು ಯಂತ್ರಗಳಲ್ಲಿ ಎಡಸುತ್ತಿನ ಬೋಲ್ಟ್ ಇರುತ್ತದೆ, ಅದು ಬಿಚ್ಚುವುದು ಉಲ್ಟಾ ದಿಕ್ಕಿಗೆ. ಬಲ ಹಾಕುವ ಮೊದಲು ಯಂತ್ರದ ಕೈಪಿಡಿ ನೋಡಿಕೊಳ್ಳಿ. ಅಲಗಿನ ಯಾವ ಮುಖ ನೆಲದ ಕಡೆ ಇತ್ತು ಅಂತ ಬಣ್ಣದಲ್ಲಿ ಗುರುತು ಮಾಡಿಡಿ.

ಈಗ ಸಾಣೆ. ಕಾರ್ಖಾನೆಯಿಂದ ಬಂದಾಗ ಅಲಗಿನ ಬಾಯಿಗೆ ಒಂದು ಓರೆ ಇರುತ್ತದೆ. ನಯವಾಗಿ ಕತ್ತರಿಸುವ ಮೋವರ್‌ಗಳಲ್ಲಿ ಅದು ಸಾಮಾನ್ಯವಾಗಿ 30 ಡಿಗ್ರಿ ಆಸುಪಾಸು. ಆ ಓರೆಯನ್ನೇ ಹಿಡಿದು ಹೋಗಿ, ಹೊಸದಾಗಿ ಮಾಡಲು ಹೋಗಬೇಡಿ. ಓರೆ ಇರುವ ಮೇಲ್ಮುಖಕ್ಕೆ ಮಾತ್ರ ಸಾಣೆ. ಕೆಳಗೆ ಎದ್ದ ಸಿಬಿರನ್ನು ಅರ ಚಪ್ಪಟೆಯಾಗಿಟ್ಟು ಹಗುರವಾಗಿ ತೆಗೆದರೆ ಸಾಕು. ಕ್ಷೌರದ ಕತ್ತಿಯಷ್ಟು ತೆಳ್ಳಗೆ ಮಾಡಿದರೆ ಬಾಯಿ ಬೇಗನೆ ಮಡಚಿಕೊಳ್ಳುತ್ತದೆ. ಸಣ್ಣ ಕಚ್ಚುಗಳೆಲ್ಲ ಹೋಗಲೇಬೇಕು ಅಂತ ಲೋಹವನ್ನು ಸುಮ್ನೆ ತಿನ್ನಿಸಬೇಡಿ.

ಗ್ರೈಂಡರ್ ಹಿಡಿದರೆ ಕನ್ನಡಕ ಹಾಕಿಕೊಳ್ಳಿ, ಬಣ್ಣದ ಮೇಲೆ ಕಣ್ಣಿಡಿ. ಉಕ್ಕು ನೀಲಿಗೆ ತಿರುಗಿತು ಅಂದರೆ ಆ ಜಾಗದ ಹದ ಹೋಯಿತು. ಅಲ್ಲಿ ಇನ್ನು ಹರಿತ ನಿಲ್ಲುವುದಿಲ್ಲ. ಒಂದೇ ಕಡೆ ಒತ್ತದೆ, ಹಗುರವಾಗಿ ಉದ್ದಕ್ಕೆ ಎಳೆಯುತ್ತಾ ಹೋಗಿ. ನಡುನಡುವೆ ಆರಲು ಬಿಡಿ. ನನಗೆ ಕೇಳಿದರೆ ಕೈ ಅರವೇ ಮೇಲು. ನಿಧಾನ, ಆದರೆ ಹದ ಕೆಡುವ ಭಯವಿಲ್ಲ.

ಸಾಣೆ ಮುಗಿದ ತಕ್ಷಣ ಅಲಗು ಏರಿಸಿಬಿಡುತ್ತಾರೆ. ಮೊದಲೆಲ್ಲ ನಾನೂ ಹಾಗೇ ಮಾಡುತ್ತಿದ್ದೆ. ಕಾಲಿನಡಿ ಜುಮ್ಮೆನ್ನುವ ನಡುಕ ಬರುತ್ತಿತ್ತು. ಯಂತ್ರವೇ ಹಾಗೆ ಅಂದುಕೊಂಡಿದ್ದೆ. ಬೇರಿಂಗ್ ಹೋಗಿ, ಎಲ್ಲ ಬಿಚ್ಚಿದಾಗ ಗೊತ್ತಾಯಿತು, ಅಲಗಿನ ಒಂದು ತುದಿ ಇನ್ನೊಂದಕ್ಕಿಂತ ಭಾರವಿತ್ತು.

ಲೆಕ್ಕ ಹಾಕಿ ನೋಡಿ. ಅರ್ಧ ಮೀಟರ್ ಉದ್ದದ ಅಲಗು ನಿಮಿಷಕ್ಕೆ 3000 ಸುತ್ತು ತಿರುಗಿದರೆ ತುದಿಯ ವೇಗ ಗಂಟೆಗೆ 280 ಕಿಲೋಮೀಟರ್ ದಾಟುತ್ತದೆ. ಒಂದು ತುದಿಯಲ್ಲಿ ಬರೀ 10 ಗ್ರಾಂ ಜಾಸ್ತಿ ಇದ್ದರೂ ಸಾಕು, ಅದು ಸುಮಾರು 25 ಕಿಲೋ ಭಾರದ ಬಲದಿಂದ ಶಾಫ್ಟನ್ನು ಪಕ್ಕಕ್ಕೆ ಎಳೆಯುತ್ತದೆ. ಅದೂ ಸೆಕೆಂಡಿಗೆ 50 ಸಲ, ಸುತ್ತಲೂ. ಯಾವ ಬೇರಿಂಗ್ ತಡೆಯುತ್ತದೆ ಹೇಳಿ?

ತೂಕ ನೋಡುವುದು ಕಷ್ಟವಲ್ಲ. ಗೋಡೆಗೆ ಒಂದು ಮೊಳೆ ನೇರವಾಗಿ ಹೊಡೆದು, ಅಲಗನ್ನು ನಡುತೂತಿನಿಂದ ಅಡ್ಡಕ್ಕೆ ತೂಗುಹಾಕಿ, ಕೈ ಬಿಡಿ. ಯಾವ ಕಡೆ ಇಳಿಯುತ್ತದೋ ಅದು ಭಾರ. ಆ ಕಡೆಯ ಬಾಯಿಗೆ ಇನ್ನೆರಡು ಎಳೆ ಅರ ಹಿಡಿದು, ಮತ್ತೆ ತೂಗುಹಾಕಿ. ಅಡ್ಡಕ್ಕೆ ಅಲುಗದೆ ನಿಲ್ಲುವವರೆಗೆ ಹೀಗೇ ಮಾಡಿ. ಆದರೆ ಅದಕ್ಕೂ ಮೊದಲು ಅಲಗಿನ ಮೇಲೆ ಮೆತ್ತಿಕೊಂಡ ಹುಲ್ಲು, ಮಣ್ಣು ಕೆರೆದಿರಬೇಕು. ಇಲ್ಲದಿದ್ದರೆ ಕೊಳೆಯನ್ನೇ ತೂಗಿದಂತೆ, ಅಲ್ವಾ?

ಹಿಂಬದಿಯಲ್ಲಿ ಮೇಲಕ್ಕೆ ಬಾಗಿದ ರೆಕ್ಕೆಯನ್ನೂ ನೋಡಿ. ಹುಲ್ಲನ್ನು ಗಾಳಿಯಲ್ಲಿ ಎತ್ತಿ ನಿಲ್ಲಿಸುವುದು ಅದೇ. ಮರಳು ಉಜ್ಜಿ ಅದರ ಬುಡ ಸವೆದು ತೆಳ್ಳಗಾಗುತ್ತದೆ. ಬುಡದಲ್ಲಿ ಗೀರೋ ಬಿರುಕೋ ಕಂಡರೆ ಆ ಅಲಗು ಮುಗಿಯಿತು. ಬೆಸುಗೆ ಹಾಕಿಸಬೇಡಿ. ಬಾಗಿದ್ದನ್ನು ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಲೂ ಬೇಡಿ. ಆ ವೇಗದಲ್ಲಿ ಮುರಿದು ಹಾರಿದ ತುಂಡು ಯಾರ ಮೈಗೆ ಹೊಕ್ಕುತ್ತದೋ ಹೇಳಲಾಗದು.

ಪೊದೆ ಕಡಿಯುವ ಸ್ಲ್ಯಾಶರ್‌ನ ಲೆಕ್ಕ ಸ್ವಲ್ಪ ಬೇರೆ. ಅದರ ಅಲಗುಗಳು ದಪ್ಪ, ಬೋಲ್ಟಿನ ಮೇಲೆ ಸಡಿಲವಾಗಿ ತಿರುಗುತ್ತವೆ. ಕಲ್ಲಿಗೆ ತಾಗಿದರೆ ಹಿಂದಕ್ಕೆ ಸರಿಯಲಿ ಅಂತಲೇ ಆ ಏರ್ಪಾಡು. ಅದಕ್ಕೆ ಮೊಂಡು ಬಾಯಿಯೇ ಸರಿ, ಒಂದೂವರೆ ಮಿಲಿಮೀಟರಿನಷ್ಟು ದಪ್ಪ ಉಳಿಸಿ. ಅಲಗು ಬದಲಿಸುವಾಗ ಜೋಡಿಯಾಗಿಯೇ ಬದಲಿಸಿ. ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಇನ್ನು ತಡ ಮಾಡಬೇಡಿ.

ವಾಪಸ್ ಏರಿಸುವಾಗ ರೆಕ್ಕೆ ಮೇಲಕ್ಕೆ, ಮೋವರ್‌ನ ಹೊಟ್ಟೆಯ ಕಡೆಗಿರಲಿ. ಹೊಟ್ಟೆಯೊಳಗೆ ಅಂಟಿದ ಹಸಿ ಹುಲ್ಲನ್ನೂ ಆಗಲೇ ಕೆರೆದುಬಿಡಿ, ತಗಡು ತುಕ್ಕು ಹಿಡಿಯುವುದು ಅಲ್ಲಿಂದಲೇ. ಬೋಲ್ಟನ್ನು ಕೈಪಿಡಿ ಹೇಳಿದಷ್ಟು ಬಿಗಿ ಮಾಡಿ. ಸುತ್ತ ಯಾರೂ ಇಲ್ಲ ಅಂತ ನೋಡಿ, ಸೀಟಿನಲ್ಲಿ ಕೂತು, ಕಡಿಮೆ ವೇಗದಲ್ಲಿ ಶುರು ಮಾಡಿ. ಪಾದದಡಿ ನಡುಕ ಬರುತ್ತಿದೆಯಾ ಅಂತ ಗಮನಿಸಿ. ಬಂದರೆ ಮತ್ತೆ ಇಳಿದು, ಮತ್ತೆ ಬಿಚ್ಚಿ, ಮೊಳೆಗೆ ತೂಗುಹಾಕಿ.

ನಮಸ್ಕಾರ.